ಒಂದಕ್ಕೊಂದು ಸುಣ್ಣ ಹಾಕುವುದನ್ನು ಬಿಟ್ಟೆ: ಬೋರ್ಡೋ ಲೆಕ್ಕದಲ್ಲಿ ನನ್ನ ಅನುಭವ

ಈ ವರ್ಷ ಅಡಿಕೆಗೆ ಎರಡನೇ ಸುತ್ತಿನ ಬೋರ್ಡೋ ಔಷಧಿ ಹೊಡೆದು ಮುಗಿದ ಮೇಲೆ ಪಕ್ಕದ ತೋಟದ ಭಾವ ಬಂದು ಜಗಲಿಯ ಮೇಲೆ ಕೂತರು. ಕಾಫಿ ಕುಡಿದು, ಮಳೆ ಬಗ್ಗೆ ಮಾತಾಡಿ, ಕೊನೆಗೆ ಕೇಳಿದರು. "ಬ್ಯಾರಲ್‌ಗೆ ಸುಣ್ಣ ಎಷ್ಟು ಹಾಕಿದ್ದೆ ಮಾರಾಯಾ?" ನಾಲ್ಕು ವರ್ಷದಿಂದ ನನ್ನ ತಕ್ಕಡಿ ನೋಡಿ ನಗುತ್ತಿದ್ದವರು ಇವರೇ. "ಅಕ್ಕಸಾಲಿ ಬಂದ" ಎಂದು ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನ ಎದುರೇ ಹೇಳುತ್ತಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಜಂಬ ಇದ್ದರೆ ಸಹಿಸಿಕೊಳ್ಳಿ.

ನಮ್ಮದು ಸಾಗರದ ಕಡೆಯ ಎರಡೂವರೆ ಎಕರೆ ಅಡಿಕೆ ತೋಟ. ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಎಂದರೆ ನೂರು ಲೀಟರ್‌ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಈ ಅಳತೆ ಎಲ್ಲರಿಗೂ ಬಾಯಿಪಾಠ. ನಾನೂ ಇಪ್ಪತ್ತು ವರ್ಷ ಹಾಗೇ ಮಾಡಿದೆ. ಕೆಟ್ಟಿದ್ದು ಒಂದೇ ವರ್ಷ, ಆದರೆ ಚೆನ್ನಾಗಿಯೇ ಕೆಟ್ಟಿತು.

ಆ ವರ್ಷ ಅಟ್ಟದ ಮೇಲೆ ಎರಡು ಮಳೆಗಾಲ ಬಾಯಿ ಬಿಚ್ಚಿ ಕೂತಿದ್ದ ಸುಣ್ಣದ ಚೀಲ ಇಳಿಸಿದ್ದೆ. ಮೋಡ ಮುತ್ತಿತ್ತು, ಕೊನೆಗಾರ ಅವಸರ ಮಾಡುತ್ತಿದ್ದ, ಕತ್ತಿ ಅದ್ದಿ ನೋಡಲಿಲ್ಲ. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರ ಕೂತು ಕೆಂಪಾಗುತ್ತದೆ. ತಪ್ಪು ನನ್ನದೇ. ಒಂದಕ್ಕೊಂದು ಹಾಕಿದ್ದೇನಲ್ಲ ಎಂಬ ಧೈರ್ಯ. ವಾರದೊಳಗೆ ಸುಮಾರು 80 ಮರದ ಮಿಳ್ಳೆ, ಅಂದರೆ ಎಳೆಗಾಯಿ, ಸುಟ್ಟು ಕಪ್ಪಾಗಿ ಉದುರಿತು. ಒಣ ಅಡಿಕೆ ಲೆಕ್ಕದಲ್ಲಿ 70 ಕಿಲೋ ಹತ್ತಿರ ಹೋಗಿರಬೇಕು. ಆಗಿನ ದರಕ್ಕೆ ಏನಿಲ್ಲವೆಂದರೂ 25 ಸಾವಿರ. ಮನೆಯಲ್ಲಿ ಯಾರೂ ಬೈಯಲಿಲ್ಲ, ಅದು ಇನ್ನೂ ಕಷ್ಟ.

ಹಾಗಾದರೆ ಸುಣ್ಣ ನಿಜಕ್ಕೂ ಎಷ್ಟು ಬೇಕು? ಹಳೇ ಪಿಯು ಪುಸ್ತಕ ತೆಗೆದು ಕೂತೆ. ಮೈಲುತುತ್ತದಲ್ಲಿ ಐದು ನೀರಿನ ಅಣು ಇರುತ್ತದೆ. ಅದನ್ನೂ ಸೇರಿಸಿದರೆ ಅಣುತೂಕ 250 ಹತ್ತಿರ. ನೀರು ಹಾಕಿ ಅರಳಿಸಿದ ಸುಣ್ಣ 74, ಅರಳಿಸದ ಸುಣ್ಣ 56. ಒಂದಕ್ಕೆ ಒಂದು ಅಣು ಎಂದು ಹಿಡಿದರೆ, ಒಂದು ಕಿಲೋ ಮೈಲುತುತ್ತಕ್ಕೆ ಅರಳಿಸಿದ ಸುಣ್ಣ ಬರೀ 296 ಗ್ರಾಂ, ಅರಳಿಸದ್ದಾದರೆ 224. ನಾವು ಹಾಕುವುದು ಒಂದು ಕಿಲೋ! ಮೂರು ಪಟ್ಟಿಗಿಂತ ಜಾಸ್ತಿ. ಆದರೂ ನನ್ನ ಮಿಳ್ಳೆ ಸುಟ್ಟಿತ್ತು. ಈ ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು.

ಮರುವರ್ಷ ಜಾಣತನ ತೋರಿಸಲು ಹೋದೆ. 225 ಗ್ರಾಂ ಸಾಕು ಎಂದು ತೂಗಿ ಹಾಕಿದೆ. ಆ ಅಂಕಿ ಅರಳಿಸದ ಸುಣ್ಣದ್ದು, ನಾನು ತೂಗಿದ್ದು ಅಂಗಡಿಯ ಪುಡಿ ಸುಣ್ಣ. ಕತ್ತಿ ಅದ್ದಿದ ಕೂಡಲೇ ಕೆಂಪು. ಸರಿ ಮಾಡೋಣ ಎಂದು ಮೇಲಿಂದ ಸುಣ್ಣ ಸುರಿದೆ. ನಿಮಗೆ ಗೊತ್ತಲ್ಲ, ಸುಣ್ಣದ ನೀರಿಗೆ ಮೈಲುತುತ್ತ ಬಿಡುವ ಬದಲು ಉಲ್ಟಾ ಸುರಿದರೆ ಏನಾಗುತ್ತದೆ ಎಂದು. ಮೊಸರು ಒಡೆದ ಹಾಗೆ ಗಟ್ಟಿ ಗಟ್ಟಿಯಾಗಿ ಹತ್ತೇ ನಿಮಿಷಕ್ಕೆ ತಳ ಸೇರಿತು. ಹೀಗೆ ಮೂರು ಬ್ಯಾರಲ್ ಹಾಳು. ಆಗ ಮೈಲುತುತ್ತ ಕಿಲೋಗೆ 250 ರೂಪಾಯಿ ಆಸುಪಾಸು, 200 ಲೀಟರ್ ಬ್ಯಾರಲ್‌ಗೆ ಎರಡು ಕಿಲೋ. ಕೊನೆಗಾರನ ಒಂದು ದಿನದ ಸಂಬಳ ಬೇರೆ. ಅಕ್ಕಸಾಲಿ ಎಂಬ ಹೆಸರು ಬಿದ್ದದ್ದು ಅವತ್ತೇ.

ದಾರಿ ತೋರಿಸಿದ್ದು ಅಕ್ಕನ ಮಗಳು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾಳೆ. ಅವಳು ಕೇಳಿದ್ದು ಒಂದೇ ಮಾತು. "ಮಾವ, ನೀವು ತೂಗಿದ್ದು ಸುಣ್ಣವೋ, ಚೀಲದಲ್ಲಿ ಇರುವುದೋ?" ಸುಣ್ಣ ಗಾಳಿಗೆ ಕೂತರೆ ಸೀಮೆಸುಣ್ಣ ಆಗುತ್ತದೆ. ತೂಕ ಕಮ್ಮಿ ಆಗುವುದಿಲ್ಲ, ಜಾಸ್ತಿಯೇ ಆಗುತ್ತದೆ. 74 ಇದ್ದದ್ದು 100. ಕೆಲಸ ಮಾತ್ರ ಮಾಡುವುದಿಲ್ಲ. ಅಟ್ಟದ ಸುಣ್ಣಕ್ಕೆ ನಿಂಬೆರಸ ಹಿಂಡಿದರೆ ಬುಸ್ಸೆಂದು ನೊರೆ ಬಂತು. ಒಳ್ಳೆ ಸುಣ್ಣ ಸುಮ್ನೆ ಕರಗುತ್ತದೆ.

ನೊರೆ ನೋಡಿದರೆ ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಎಷ್ಟು ಕೆಟ್ಟಿದೆ ಎಂದು ಗೊತ್ತಾಗುವುದಿಲ್ಲ. ಹುಳಿಯೋ ಕ್ಷಾರವೋ ಎಂದು ಬಣ್ಣದಲ್ಲಿ ತೋರಿಸುವ ಪಿಎಚ್ ಪಟ್ಟಿ ತಂದೆ, 150 ರೂಪಾಯಿ ದಂಡ. ನೀಲಿ ದ್ರಾವಣಕ್ಕೆ ಅದ್ದಿದರೆ ಪಟ್ಟಿಯ ಬಣ್ಣ ಯಾವುದು, ಮೈಲುತುತ್ತದ ಬಣ್ಣ ಯಾವುದು? ಕಡೆಗೆ ಹೊಳೆದದ್ದು, ಅಳೆಯುವ ವಸ್ತು ಮನೆಯಲ್ಲೇ ಇದೆಯಲ್ಲ ಎಂದು. ಸುಣ್ಣವನ್ನು ಮೈಲುತುತ್ತದಿಂದಲೇ ಅಳೆದರಾಯಿತು.

ನಾನು ಮಾಡುವುದು ಹೀಗೆ. ಹತ್ತು ಗ್ರಾಂ ಮೈಲುತುತ್ತ ಕರಗಿಸಿ ನೂರು ಮಿಲಿ ಮಾಡಿಟ್ಟುಕೊಳ್ಳುತ್ತೇನೆ. ಎರಡು ಗ್ರಾಂ ಸುಣ್ಣವನ್ನು ಗಾಜಿನ ಲೋಟದ ನೀರಿಗೆ ಕದಡುತ್ತೇನೆ. ಇದಕ್ಕೆ ಅಡಿಗೆಮನೆ ತಕ್ಕಡಿ ಆಗುವುದಿಲ್ಲ. ಚಿನ್ನ ತೂಗುವ ಪುಟ್ಟ ತಕ್ಕಡಿ ನನಗೆ 400 ರೂಪಾಯಿಗೆ ಸಿಕ್ಕಿತು. ಸೂಜಿ ಇಲ್ಲದ ಸಿರಿಂಜಿನಲ್ಲಿ ನೀಲಿ ನೀರನ್ನು ಸ್ವಲ್ಪ ಸ್ವಲ್ಪ ಬಿಡುತ್ತಾ, ಕಲಕಿ, ಮೇಲೆ ತಿಳಿ ನಿಂತ ಮೇಲೆ ಉಜ್ಜಿದ ಬ್ಲೇಡು ಅದ್ದುತ್ತೇನೆ. ಎರಡು ನಿಮಿಷ. ಮೊದಲ ಸಲ ಕೆಂಪು ಕಂಡ ಕಡೆ ನಿಲ್ಲಿಸಿ ಮಿಲಿ ಬರೆದುಕೊಳ್ಳುತ್ತೇನೆ.

ಅಕ್ಕನ ಮಗಳು ಲ್ಯಾಬಿನ ಶುದ್ಧ ಸುಣ್ಣ ಒಂದು ಚಮಚ ತಂದುಕೊಟ್ಟಳು. ನನ್ನ ಲೆಕ್ಕದಂತೆ ಅದು 68 ಮಿಲಿಗೆ ಮುಗಿಯಬೇಕಿತ್ತು. 88ರ ತನಕ ಎಳೆಯಿತು! ನನ್ನ ಕೈತಪ್ಪು ಎಂದು ಮೂರು ಸಲ ಮಾಡಿದೆ, ಅಷ್ಟೇ ಬಂತು. ಅವಳು ಎರಡು ದಿನ ಬಿಟ್ಟು ಫೋನ್ ಮಾಡಿದಳು. ನಾಲ್ಕು ಅಣು ಮೈಲುತುತ್ತಕ್ಕೆ ಮೂರೇ ಅಣು ಸುಣ್ಣ ಸಾಕಂತೆ. ಸಲ್ಫೇಟಿನಲ್ಲಿ ಒಂದು ಪಾಲು ತಾಮ್ರದ ಜೊತೆಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತದಂತೆ. ಆ ಲೆಕ್ಕಕ್ಕೆ 90 ಮಿಲಿ ಬರಬೇಕು. ನನ್ನ ಬ್ಲೇಡು, ಸಿರಿಂಜಿಗೆ 88 ಬಂದಿದೆ. ನಾನು ಪಿಯುನಲ್ಲಿ ಜಸ್ಟ್ ಪಾಸು, ನೆನಪಿರಲಿ. ಅಲ್ಲಿಗೆ ಒಂದು ಕಿಲೋ ಮೈಲುತುತ್ತಕ್ಕೆ ಬೇಕಾದ ಜೀವಂತ ಸುಣ್ಣ ಸುಮಾರು 222 ಗ್ರಾಂ. ಅದು ಕತ್ತಿ ಕೆಂಪಾಗದಿರಲು ಬೇಕಾದಷ್ಟು ಮಾತ್ರ.

ಆಮೇಲೆ ಸಿಕ್ಕ ಸುಣ್ಣವನ್ನೆಲ್ಲ ಅಳೆದೆ. ಅಂಗಡಿಯ ಪುಡಿ 29 ಮಿಲಿ, ಅಂದರೆ ಮೂರರಲ್ಲಿ ಒಂದು ಪಾಲು. ಚಿಪ್ಪಿನ ಸುಣ್ಣ ತಂದು ನಾನೇ ಅರಳಿಸಿ ಡಬ್ಬಿಗೆ ತುಂಬಿದ್ದು 76. ಅಟ್ಟದ ಚೀಲದ್ದು 16! ಅಂದರೆ ಅವತ್ತು ನಾನು ಹಾಕಿದ ಒಂದು ಕಿಲೋದಲ್ಲಿ ಜೀವ ಇದ್ದದ್ದು 180 ಗ್ರಾಂ. 222 ಬೇಕಿತ್ತು. ಮಿಳ್ಳೆ ಸುಟ್ಟದ್ದರ ಲೆಕ್ಕ ಅವತ್ತು ರಾತ್ರಿ ಒಂಬತ್ತಕ್ಕೆ ಸಿಕ್ಕಿತು. ಊಟ ಆರಿಹೋಗಿತ್ತು.

ಹಿಂದಿನವರು ಒಂದಕ್ಕೊಂದು ಎಂದದ್ದು ಯಾಕೆ ಎಂಬುದೂ ಆಗ ತಿಳಿಯಿತು. ಸುಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಸತ್ತಿದ್ದರೂ ಆ ಅಳತೆ ಕೈ ಬಿಡುವುದಿಲ್ಲ. ಮೊದಲಿನ ಬೋರ್ಡೋ ಇನ್ನೂ ಧಾರಾಳಿ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಹೇಳಿದ್ದು ಎಂಟು ಕಿಲೋ ಮೈಲುತುತ್ತಕ್ಕೆ ಹದಿನೈದು ಕಿಲೋ ಸುಣ್ಣ. ದಾರಿಹೋಕರು ದ್ರಾಕ್ಷಿ ಕೀಳದಿರಲಿ ಎಂದು ರಸ್ತೆ ಬದಿಯ ಬಳ್ಳಿಗೆ ಬಳಿಯುತ್ತಿದ್ದ ಬಣ್ಣ ಅದು. ಹೆದರಿಸಲು ಬಳಿದದ್ದಕ್ಕೆ ಗ್ರಾಂ ಲೆಕ್ಕ ಯಾರು ಕೇಳುತ್ತಾರೆ? ನಮ್ಮ ಕೊಳೆರೋಗವನ್ನು 1910ರ ಹೊತ್ತಿಗೆ ಮೈಸೂರು ಸರ್ಕಾರದ ಕೋಲ್ಮನ್ ಸಾಹೇಬರು ಅಭ್ಯಾಸ ಮಾಡಿ ಬರೆದರು. ಕೊಳೆರೋಗ ಎಂಬ ನಮ್ಮ ಮಾತನ್ನು ಹಾಗೇ ಇಂಗ್ಲಿಷಿಗೂ ತೆಗೆದುಕೊಂಡರು.

ಈಗ ನನ್ನ ಅಳತೆ. ಚಿಪ್ಪಿನ ಸುಣ್ಣ 84 ಪರ್ಸೆಂಟ್ ಹತ್ತಿರ. 222ನ್ನು ಅದಕ್ಕೆ ಭಾಗಿಸಿದರೆ 264. ಅದರ ಮೇಲೆ ಅರ್ಧ ಜಾಸ್ತಿ, 400. ಕೊಸರು ಸೇರಿಸಿ ಕಿಲೋ ಮೈಲುತುತ್ತಕ್ಕೆ 450 ಗ್ರಾಂ ಹಾಕುತ್ತೇನೆ. 200 ಲೀಟರ್ ಬ್ಯಾರಲ್‌ಗೆ 900 ಗ್ರಾಂ. ಬ್ಯಾರಲ್‌ಗೊಮ್ಮೆ ಕತ್ತಿ ಅದ್ದುವುದನ್ನು ಮಾತ್ರ ಬಿಡುವುದಿಲ್ಲ. "ಇಷ್ಟು ಕಮ್ಮಿ ಸುಣ್ಣ ಮೊದಲ ಮಳೆಗೇ ತೊಳೆದು ಹೋಗುತ್ತೆ" ಎಂದರು ಭಾವ. ಅವರ ಮಾತಿಗೇ ಎಂದು ನಾಲ್ಕು ಸಾಲಿಗೆ ಹಳೇ ಅಳತೆ, ನಾಲ್ಕು ಸಾಲಿಗೆ ನನ್ನದು ಹೊಡೆಸಿದೆ. ಆಗಸ್ಟ್ ಕೊನೆಗೆ ಉದುರಿದ ಕಾಯಿ ಹೆಕ್ಕಿ ಎಣಿಸಿದರೆ ಎರಡೂ ಕಡೆ ಹೆಚ್ಚು ಕಮ್ಮಿ ಒಂದೇ. ಔಷಧಿ ಕಾಯಿಗೆ ಅಂಟಿ ನಿಲ್ಲಲು ನಾನು ಹಾಕುವುದೇ ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸುಣ್ಣ ಸೋಸುವ ಬಟ್ಟೆಯದೂ ಒಂದು ಗುಟ್ಟಿದೆ. ಮನೆಗೆ ಬಂದರೆ ತೋರಿಸುತ್ತೇನೆ.

ಉಳಿದದ್ದು ಸುಣ್ಣದ ದುಡ್ಡಲ್ಲ, ಅದು ಚಿಲ್ಲರೆ. ಒಳ್ಳೆ ಸುಣ್ಣವನ್ನು ಒಂದಕ್ಕೊಂದು ಹಾಕಿದಾಗ ಬ್ಯಾರಲ್‌ಗೆ ಮೂರು ನಾಲ್ಕು ಸಲ ನಾಜಲ್ ಕಟ್ಟುತ್ತಿತ್ತು. ಮರದ ತುದಿಯಲ್ಲಿ ಕೂತ ಕೊನೆಗಾರ ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದ. ಈಗ ಕಟ್ಟುವುದೇ ಇಲ್ಲ ಎನ್ನಬಹುದು. ಒಂದು ಸುತ್ತು ಔಷಧಿಗೆ ಒಂದು ದಿನದ ಕೆಲಸ ಕಮ್ಮಿ ಆಗಿದೆ.

ಮೈಲುತುತ್ತ ಕಮ್ಮಿ ಮಾಡಲೂ ನೋಡಿದೆ. ನೂರು ಲೀಟರ್‌ಗೆ ಮುಕ್ಕಾಲು ಕಿಲೋ ಹಾಕಿದ ಸಾಲಿಗೆ ಕೊಳೆ ಬಂತು. ರೋಗ ತಡೆಯುವುದು ತಾಮ್ರ, ಮೈಲುತುತ್ತದಲ್ಲಿ ಅದು ಇರುವುದೇ ಕಾಲು ಪಾಲು. ಸತ್ತ ಸುಣ್ಣಕ್ಕೆ ಜೀವ ಕೊಡೋಣ ಎಂದು ಬಚ್ಚಲೊಲೆಯಲ್ಲಿ ಒಂದು ರಾತ್ರಿ ಸುಟ್ಟದ್ದೂ ಉಂಟು. ಬೆಳಿಗ್ಗೆ ಅಳೆದರೆ ಅದೇ 16. ಅದಕ್ಕೆ 900 ಡಿಗ್ರಿ ಹತ್ತಿರ ಬೇಕಂತೆ, ನಮ್ಮದು ಸ್ನಾನದ ನೀರು ಕಾಯಿಸುವ ಒಲೆ. ಇನ್ನೊಂದು ತಮಾಷೆ. ಸಂಜೆ ಕೆಂಪು ತೋರಿಸಿದ ಲೋಟವನ್ನು ಹಾಗೇ ಬಿಟ್ಟರೆ ಬೆಳಿಗ್ಗೆ ಬ್ಲೇಡು ಕೆಂಪಾಗಲಿಲ್ಲ. ಸೀಮೆಸುಣ್ಣವೂ ನಿಧಾನಕ್ಕೆ ಕೆಲಸ ಮಾಡುತ್ತದೆ ಎಂದಾಯಿತು. ಆದರೆ ಜೂನ್ ತಿಂಗಳಲ್ಲಿ ಬ್ಯಾರಲ್ ಕಲಸಿ ಬೆಳಗಿನ ತನಕ ಕಾಯುವವರು ಯಾರು?

ಈಗ ಮೇ ಬಂತೆಂದರೆ ಊರವರು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುಣ್ಣ ಕಟ್ಟಿ ಕಳಿಸುತ್ತಾರೆ. ಈ ಸಲ ಏಳು ಬಂದಿದ್ದವು. ಭಾವನದು ಎರಡನೇ ಮಿಲಿಗೇ ಕೆಂಪಾಯಿತು. ಇಷ್ಟು ಸತ್ತ ಸುಣ್ಣ ನಾನು ನೋಡಿಯೇ ಇರಲಿಲ್ಲ. ಫೋನ್ ಮಾಡಿದರೆ ಅಕ್ಕ ಎತ್ತಿದರು. ಬೆಳಗಿನಿಂದ ರಂಗೋಲಿ ಪುಡಿಯ ಡಬ್ಬಿ ಹುಡುಕುತ್ತಿದ್ದರಂತೆ.