ಹಕ್ಕಿ ನೋಡುವ ಮೊದಲು ನೀರು ನೋಡಿ

ಹಕ್ಕಿ ನೋಡುವ ಹುಚ್ಚು ಹಿಡಿದ ಮೊದಲ ವರ್ಷ ನಾನು ಸೆಪ್ಟೆಂಬರಿನಲ್ಲೇ ತುಂಗಭದ್ರಾ ಹಿನ್ನೀರಿಗೆ ಓಡುತ್ತಿದ್ದೆ. ಕೊಪ್ಪಳದಿಂದ ನಸುಕಿನಲ್ಲಿ ಬೈಕ್ ಹತ್ತಿದರೆ ಬೆಳಕಾಗುವುದರೊಳಗೆ ದಂಡೆಯಲ್ಲಿರುತ್ತಿದ್ದೆ. ಕಣ್ಣು ಹಾಯಿಸಿದಷ್ಟೂ ನೀರು. ನಾಲ್ಕು ನೀರುಕಾಗೆ, ಒಂದೆರಡು ಬೆಳ್ಳಕ್ಕಿ, ಅಷ್ಟೇ. ಮೂರು ವಾರ ಹೀಗೇ ಹೋಗಿ ಹೀಗೇ ಬಂದೆ.

ನಾಲ್ಕನೇ ವಾರ ದಂಡೆಯ ಹೊಲದಲ್ಲಿದ್ದ ಹಿರಿಯರೊಬ್ಬರು ಕರೆದು ಕೇಳಿದರು. "ತಮ್ಮಾ, ಈಗ ಬಂದ್ರ ಏನ್ ಕಾಣ್ತೈತಿ? ನೀರು ಹಿಂದ ಸರೀಲಿ. ನಾವು ಕಡ್ಲಿ ಬಿತ್ತೂ ಹೊತ್ತಿಗೆ ಬಾ. ಆಗ ಬಾತಿನ ಹಿಂಡ ಇಳೀತಾವ."

ನನ್ನ ಹಕ್ಕಿ ಪಾಠ ಶುರುವಾಗಿದ್ದು ಆ ಮಾತಿನಿಂದ. ಅಲ್ಲಿವರೆಗೆ ನಾನು ಹಕ್ಕಿಯನ್ನು ಮಾತ್ರ ಹುಡುಕುತ್ತಿದ್ದೆ. ನೀರು ಎಲ್ಲಿದೆ, ಎಷ್ಟಿದೆ, ಯಾವ ಕಡೆ ಸರಿಯುತ್ತಿದೆ ಎಂದು ಯೋಚಿಸಿರಲೇ ಇಲ್ಲ.

ಮಳೆಗಾಲದಲ್ಲಿ ಜಲಾಶಯ ತುಂಬುತ್ತದೆ. ಪೂರ್ತಿ ತುಂಬಿದ ಮಟ್ಟ ಎಂದರೆ 1633 ಅಡಿ. ಆಮೇಲೆ ಕಾಲುವೆಗಳಿಗೆ ನೀರು ಹರಿದಂತೆ ಮಟ್ಟ ಇಳಿಯುತ್ತ ಹೋಗುತ್ತದೆ. ನಮ್ಮ ಕಡೆ ದಂಡೆ ಬಹಳ ಇಳಿಜಾರಿಲ್ಲ. ಹಾಗಾಗಿ ಒಂದಡಿ ಇಳಿದರೂ ನೀರಿನ ಅಂಚು ಎಷ್ಟೋ ದೂರ ಸರಿದಿರುತ್ತದೆ. ಹಿಂದೆ ಉಳಿಯುವುದು ಹಸಿ ರಾಡಿ, ಎಳೆ ಹುಲ್ಲು, ಸಣ್ಣ ಸಣ್ಣ ಹೊಂಡ. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಈಗ ಸುಮಾರು 105 ಟಿಎಂಸಿಗೆ ಬಂದು ನಿಂತಿದೆ. ರೈತನಿಗೆ ಅದು ಸಂಕಟದ ಲೆಕ್ಕ. ಆದರೆ ರಾಡಿಯಲ್ಲಿ ಕೊಕ್ಕು ಚುಚ್ಚಿ ತಿನ್ನುವ ಗೊರವಗಳಿಗೆ, ಮೆಟ್ಟುಗಾಲು ಹಕ್ಕಿಗಳಿಗೆ ಅಲ್ಲೇ ಊಟ. ಈಗ ನಾನು ಹೊರಡುವ ಮುಂಚೆ ಜಲಾಶಯದ ಮಟ್ಟ ನೋಡುತ್ತೇನೆ. ಹೋದ ವಾರಕ್ಕಿಂತ ಎಷ್ಟು ಇಳಿದಿದೆ ಅಂತ ಗೊತ್ತಾದರೆ ಎಲ್ಲಿಗೆ ಹೋಗಬೇಕು ಅನ್ನುವುದು ಅರ್ಧ ತೀರ್ಮಾನವಾದಂತೆ.

ದೀಪಾವಳಿ ಮುಗಿದ ಮೇಲೆ ಸೂಜಿಬಾಲದ ಬಾತುಗಳು ಬರುತ್ತವೆ. ಪಟ್ಟೆತಲೆ ಹೆಬ್ಬಾತುಗಳೂ ಅದೇ ಹೊತ್ತಿಗೆ ಶುರು. ಗವಿಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಹಿಂಡುಗಳು ಚೆನ್ನಾಗಿ ಕೂಡಿರುತ್ತವೆ. ಈ ಹೆಬ್ಬಾತು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ. ಹಿಮಾಲಯ ದಾಟಿ ನಮ್ಮ ಕಡಲೆ ಹೊಲದ ಪಕ್ಕ ಬಂದು ಇಳಿಯುತ್ತದೆ. ರಾತ್ರಿ ಹೊಲಗಳಲ್ಲಿ ಮೇಯುತ್ತದೆ, ಬೆಳಗಾದರೆ ನೀರಿನಂಚಿಗೆ ಬಂದು ನಿದ್ದೆ ಮಾಡುತ್ತದೆ. ಹಾಗಾಗಿ ಹಗಲಲ್ಲಿ ನಾವು ಹತ್ತಿರ ಹೋಗಿ ಎಬ್ಬಿಸಿದರೆ ಕೆಡುವುದು ಅದರ ನಿದ್ದೆ. ಫೋಟೋಕ್ಕಾಗಿ ಹಿಂಡನ್ನೇ ಹಾರಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ನಾನು ಪಾಲಿಸುವುದು ಒಂದೇ ನಿಯಮ. ತಗ್ಗಿರುವ ಕೊರಳು ಒಂದೊಂದಾಗಿ ಮೇಲೆದ್ದರೆ ನಾನು ಇನ್ನು ಮುಂದೆ ಹೋಗಬಾರದು. ಅಲ್ಲೇ ಕೂತುಬಿಡುತ್ತೇನೆ. ಹತ್ತು ನಿಮಿಷದಲ್ಲಿ ಕೊರಳುಗಳು ಮತ್ತೆ ಕೆಳಗಿಳಿಯುತ್ತವೆ.

ಒಂದು ಸಲ ಅವಸರ ಮಾಡಿ ಪೆಟ್ಟು ತಿಂದಿದ್ದೇನೆ. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಾಣುವ ನೆಲ, ಆದರೆ ಕೆಳಗೆ ಮೆತ್ತಗಿನ ರಾಡಿ. ನಾಲ್ಕು ಹೆಜ್ಜೆ ಇಟ್ಟಿದ್ದೆ, ಮೊಣಕಾಲುವರೆಗೆ ಹೂತುಹೋದೆ. ಕುರಿ ಕಾಯುತ್ತಿದ್ದ ಹುಡುಗ ಕೋಲು ಚಾಚಿ ಎಳೆದ. ಅಂದಿನಿಂದ ಕುರಿ ಹೆಜ್ಜೆ ಇರುವ ಕಡೆ ಮಾತ್ರ ನಡೆಯುತ್ತೇನೆ, ಕೈಯಲ್ಲಿ ಒಂದು ಕೋಲು ಇದ್ದೇ ಇರುತ್ತದೆ.

ಬೆಳಕಿನ ವಿಷಯ ಅರ್ಥವಾಗಲು ನನಗೆ ಎರಡು ಚಳಿಗಾಲ ಬೇಕಾಯಿತು. ಕೊಪ್ಪಳದ ದಂಡೆ ನೀರಿನ ಉತ್ತರಕ್ಕಿದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹೊತ್ತೇರಿದ ಮೇಲೆ ನೀರಿನ ಕಡೆ ನೋಡಿದರೆ ಹಕ್ಕಿಗಳೆಲ್ಲ ಬರೀ ಕಪ್ಪು ಚುಕ್ಕೆ. ಅದಕ್ಕೆ ಮುಂಜಾನೆ ಬೇಗ ಹೋಗಿ, ಪಶ್ಚಿಮಕ್ಕೆ ಮುಖ ಮಾಡಿ ನೋಡಲು ಆಗುವಂಥ ಮೂಲೆ ಹುಡುಕಿಕೊಳ್ಳುತ್ತೇನೆ. ಬೈನಾಕ್ಯುಲರ್ 8×42 ಇದ್ದರೆ ಸಾಕು, ಅಂದರೆ ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಮಸೂರದ್ದು. ಅದಕ್ಕಿಂತ ಜಾಸ್ತಿ ದೊಡ್ಡದು ಕೈ ನಡುಗಿದರೆ ಪ್ರಯೋಜನಕ್ಕೆ ಬರುವುದಿಲ್ಲ.

ಇನ್ನು ಕಡಲಿನ ಮಾತು. 2024ರ ಜನವರಿ ಕೊನೆಯಲ್ಲಿ ರಾಜ್ಯದ ಮೂರು ಜಾಗಗಳಿಗೆ ಒಟ್ಟಿಗೆ ರಾಮ್ಸಾರ್ ಪಟ್ಟಿಯ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯ, ಮಾನ್ಯತೆ ಸಿಕ್ಕಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ನಮ್ಮ ಹಿನ್ನೀರಿಗೆ ಸಮೀಪದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಮತ್ತೆ ಕುಮಟಾದ ಅಘನಾಶಿನಿ ಅಳಿವೆ. ಮೊದಲ ಎರಡನ್ನು ಹಲವು ಸಲ ನೋಡಿದ್ದೆ. ಮೂರನೆಯದನ್ನು ನೋಡಲೇಬೇಕು ಅನ್ನಿಸಿತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಉಳಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ರೈಲಿನಲ್ಲಿ ಹುಬ್ಬಳ್ಳಿಗೆ ಹೋದೆ. ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಇಳಿದು ಕುಮಟಾ.

ಮರುದಿನ ಹತ್ತೂವರೆಗೆ ಅಳಿವೆಯ ದಡದ ತದಡಿಗೆ ಹೋಗಿ ನಿಂತರೆ ಮತ್ತೆ ಅದೇ ಸೆಪ್ಟೆಂಬರಿನ ಕಥೆ! ದಡದಿಂದ ದಡಕ್ಕೆ ನೀರು, ಮೇಲೆ ಗರುಡಗಳು ಮಾತ್ರ. ಬುಟ್ಟಿ ಹಿಡಿದು ಹೊರಟಿದ್ದ ಹೆಂಗಸೊಬ್ಬರನ್ನು "ಅಕ್ಕಾ, ಇಲ್ಲಿ ಹಕ್ಕಿ ಎಲ್ಲಿ ಕೂರುತ್ತವೆ?" ಅಂತ ಕೇಳಿದೆ. "ಈಗ ಭರತ ಅದೆ. ಸಂಜೀಗೆ ಬನ್ನಿ, ಇಳಿತ ಆಗ್ತದೆ. ನಾವೂ ಬಳಚು ತೆಗೀಲಿಕ್ಕೆ ಆಗಲೇ ಇಳಿಯೂದು" ಅಂದರು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ ಇಳಿತ ಎರಡೂ ಜಾಸ್ತಿ. ದಿನದಿಂದ ದಿನಕ್ಕೆ ಅದರ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಮ್ಮ ಹಿನ್ನೀರು ನಾಲ್ಕು ತಿಂಗಳಲ್ಲಿ ಮಾಡುವ ಕೆಲಸವನ್ನು ಕಡಲು ಆರು ತಾಸಿನಲ್ಲಿ ಮಾಡಿ ಮುಗಿಸುತ್ತದೆ. ಸಂಜೆ ಹೋದಾಗ ನೀರಿದ್ದ ಜಾಗದಲ್ಲಿ ಹೊಳೆಯುವ ಕೆಸರು. ಹೆಂಗಸರು ಬಗ್ಗಿ ಬಳಚು, ಅಂದರೆ ಕೆಸರಿನ ಚಿಪ್ಪುಜೀವಿ, ಆರಿಸುತ್ತಿದ್ದರು. ಅವರಿಂದ ಸ್ವಲ್ಪ ದೂರದಲ್ಲೇ ನೂರಾರು ಗೊರವಗಳು.

ಆದರೆ ನಿಜವಾದ ನೋಟ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ದಾಟಿದೆ. ಅಲ್ಲಿಂದ ನೋಡಿದರೆ ಸೂರ್ಯ ನನ್ನ ಬೆನ್ನಿಗೆ. ಇಳಿತ ಮುಗಿದು ನೀರು ಏರತೊಡಗಿತ್ತು. ನಾನು ಒಂದು ಕಲ್ಲಿನ ಮೇಲೆ ಸುಮ್ನೆ ಕೂತೆ. ಕೆಸರಿನ ಪಟ್ಟಿ ಕಿರಿದಾದಂತೆ ಹಕ್ಕಿಗಳು ಹಿಂದಕ್ಕೆ ಸರಿಯುತ್ತ ನನ್ನ ಕಡೆಗೇ ಬಂದವು. ಕರ್ಲ್ಯೂ ಅನ್ನುವ ಒಂದು ದೊಡ್ಡ ಗೊರವ ಎಷ್ಟು ಹತ್ತಿರ ಬಂತೆಂದರೆ ಕೊಕ್ಕಿನ ಮೇಲಿನ ಕೆಸರೂ ಕಾಣುತ್ತಿತ್ತು. ಕುಡುಗೋಲಿನ ಹಾಗೆ ಬಾಗಿದ ಉದ್ದ ಕೊಕ್ಕನ್ನು ಬುಡದವರೆಗೆ ಕೆಸರಿಗೆ ಇಳಿಸಿ, ಕತ್ತು ಸ್ವಲ್ಪ ತಿರುವಿ, ಒಂದು ಏಡಿ ಎಳೆಯಿತು. ಎಡಕ್ಕೆ ಬಲಕ್ಕೆ ಜಾಡಿಸಿತು. ಕಾಲುಗಳು ಉದುರಿದವು. ಆಮೇಲೆ ತಲೆ ಎತ್ತಿ ನುಂಗಿತು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಊರಿಗೆ ಬಂದ ಮೇಲೆ ಹಿನ್ನೀರಿನಲ್ಲಿ ನಾನು ನಡೆಯುವುದು ಕಡಿಮೆಯಾಗಿದೆ. ಕತ್ತಲಿರುವಾಗಲೇ ಹೋಗಿ, ಹೆಬ್ಬಾತುಗಳು ಹೊಲದಿಂದ ಮರಳುವ ಜಾಗ ಊಹಿಸಿ, ಕಂಬಳಿ ಹೊದ್ದು ಕೂರುತ್ತೇನೆ. ಮೊದಲು ದನಿ ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ. ಇಳಿದ ಮೇಲೆ ಎಣಿಸುತ್ತೇನೆ. ಮೊದಲು ಇಪ್ಪತ್ತು ಹಕ್ಕಿ ಒಂದೊಂದಾಗಿ, ಆಮೇಲೆ ಅಷ್ಟೇ ಅಗಲದ ತುಂಡುಗಳು ಹಿಂಡಿನಲ್ಲಿ ಎಷ್ಟಿವೆ ಅಂತ. ಯಾವುದಾದರೂ ಕೊರಳಿಗೆ, ಹಕ್ಕಿ ಎಲ್ಲಿಂದ ಬಂತು ಎಂದು ಗುರುತಿಸಲು ಹಾಕುವ ಪಟ್ಟಿ ಇದೆಯಾ ಅಂತ ತಪ್ಪದೆ ನೋಡುತ್ತೇನೆ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಸಿಕ್ಕಿವೆ. ನನಗೆ ಇನ್ನೂ ಸಿಕ್ಕಿಲ್ಲ. ದಿನಾಂಕ, ಸಂಖ್ಯೆ, ಆ ದಿನದ ಜಲಾಶಯದ ಮಟ್ಟ, ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಡುತ್ತೇನೆ.

ಕಡಲೆ ಬಿತ್ತುವ ಹೊತ್ತಿಗೆ ಬಾ ಅಂದಿದ್ದ ಆ ಹಿರಿಯರ ಹೊಲದ ಬದುವಿನಲ್ಲೇ ಈಗ ನನ್ನ ಬೈಕ್ ನಿಲ್ಲುತ್ತದೆ. ಮರಳಿ ಬರುವಾಗ ಅವರು ಕೇಳುವುದು ಒಂದೇ. "ಇವತ್ತು ಎಷ್ಟು ಬಂದಿದ್ವು?"