ಹೊಸ ಟೀಚರ್ ಬಂದಾಗ ಸೀನಿಯರ್‌ಗಳು ಮಾಡಬೇಕಾದ್ದು

ಶಾಲೆಗೆ ಹೊಸ ಟೀಚರ್ ಬಂದು ಹಾಜರಾದರೆ ಮೊದಲು ಕೇಳಬೇಕಾದ ಪ್ರಶ್ನೆ, "ರೂಮು ಸಿಕ್ತಾ?" ನಗಬೇಡಿ. ನಮ್ಮದು ಪಾವಗಡ ತಾಲ್ಲೂಕಿನ ಹಳ್ಳಿ ಶಾಲೆ, ನಾನು ಇಲ್ಲಿ ಮುಖ್ಯ ಶಿಕ್ಷಕಿ. ಕೌನ್ಸೆಲಿಂಗ್‌ನಲ್ಲಿ ಜಾಗ ಆರಿಸಿಕೊಂಡು ಬಂದವರಿಗೆ ಸಂಜೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅನ್ನುವುದೂ ಗೊತ್ತಿರುವುದಿಲ್ಲ. ಉಳಿಯುವ ಜಾಗ, ಊಟ ಸರಿಹೋಗದೆ ಪಾಠ ಯೋಜನೆ ಬರೆಯಿರಿ ಅಂದರೆ ಯಾರು ಬರೆಯುತ್ತಾರೆ?

ಇನ್ನೊಂದು ವಿಷಯ ನಮ್ಮ ಕಡೆಯದು. ಇಲ್ಲಿನ ಬಹಳಷ್ಟು ಮಕ್ಕಳು ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಒಂದನೇ ತರಗತಿ ಮಗು ಸುಮ್ನೆ ಕೂತರೆ ಅದು ದಡ್ಡ ಅಲ್ಲ, ಟೀಚರ್ ಹೇಳಿದ್ದು ಅದಕ್ಕೆ ಅರ್ಥ ಆಗಿಲ್ಲ, ಅಷ್ಟೇ. ಬಾ, ಕೂತ್ಕೋ, ನೀರು ಬೇಕಾ, ಹೊಟ್ಟೆ ನೋವಾ, ಇಷ್ಟನ್ನಾದರೂ ಹೊಸಬರಿಗೆ ತೆಲುಗಿನಲ್ಲಿ ಹೇಳಿಕೊಡಿ. ಅಡುಗೆಯಮ್ಮ ನಮಗಿಂತ ಚೆನ್ನಾಗಿ ಕಲಿಸುತ್ತಾರೆ.

ಈಗ ತರಗತಿ. ಬಿ.ಎಡ್. ಮುಗಿಸಿ 6ರಿಂದ 8ಕ್ಕೆ ಅಂತ ಬಂದವರಿಗೂ ಸಣ್ಣ ಶಾಲೆಯಲ್ಲಿ ನಲಿಕಲಿ ಕೋಣೆ ಪಾಲಿಗೆ ಬರುತ್ತದೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು ಹಿಡಿದು ಕಲಿಯುವ ಪದ್ಧತಿ ಅದು. ಗುಂಪಿಗೊಂದು ಕೆಲಸ, ಗೋಡೆಯ ಮೇಲೆ ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ತೋರಿಸುವ ಕಲಿಕಾ ಏಣಿ. ಮೊದಲ ಸಲ ನೋಡಿದವರಿಗೆ ಸಂತೆ ಅನ್ನಿಸುತ್ತದೆ. ಕೈಪಿಡಿ ಕೊಟ್ಟು ಓದಿಕೊಳ್ಳಿ ಅನ್ನಬೇಡಿ. ನಲಿಕಲಿ ಶುರುವಾಗಿದ್ದೇ ನೋಡಿ ಕಲಿತಿದ್ದರಿಂದ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ, ಅಲ್ಲಿನ ತರಗತಿ ನೋಡಿ ಬಂದು ತಾವೇ ಕಾರ್ಡು ಮಾಡಿಕೊಂಡರು. ಹಾಗಾಗಿ ಮೊದಲ ವಾರ ಪಾಠ ನಿಮ್ಮದು, ನೋಡುವುದು ಅವರದು. ಆಮೇಲೆ ಜಾಗ ಬದಲು.

ನೋಡಲು ಕೂತಾಗ ಕುರ್ಚಿ ಬೇಡ. ಮಕ್ಕಳ ಜೊತೆ ಚಾಪೆ ಮೇಲೆ ಕೂತುಕೊಳ್ಳಿ. ಟೀಚರ್ ಏನು ತಪ್ಪು ಮಾಡಿದರು ಅಂತ ಬರೆದುಕೊಳ್ಳಬೇಡಿ, ಮಕ್ಕಳು ಏನು ಮಾಡುತ್ತಿದ್ದರು ಅಂತ ಬರೆದುಕೊಳ್ಳಿ. "ತರಗತಿ ನಿಯಂತ್ರಣ ಸಾಲದು" ಅಂದರೆ ಅವರಿಗೆ ಅಳು ಬರುತ್ತದೆ, ಕೆಲಸಕ್ಕೆ ಏನೂ ಸಿಗುವುದಿಲ್ಲ. "ಕಿಟಕಿ ಪಕ್ಕದ ಮೂವರು ಕಾರ್ಡು ತೆಗೆದುಕೊಳ್ಳಲೇ ಇಲ್ಲ" ಅಂದರೆ ನಾಳೆ ಏನು ಮಾಡಬೇಕು ಅನ್ನುವುದು ಅವರಿಗೇ ಹೊಳೆಯುತ್ತದೆ. ಮಕ್ಕಳ ಎದುರು ತಿದ್ದಲೇಬೇಡಿ. ಬಿಸಿಯೂಟ ಆದ ಮೇಲೆ ಪಕ್ಕಕ್ಕೆ ಕರೆದು ಒಂದೇ ಒಂದು ವಿಷಯ ಹೇಳಿ. ಎರಡನೆಯದು ಮುಂದಿನ ವಾರಕ್ಕೆ. ಸಂದರ್ಶನ ಪುಸ್ತಕದಲ್ಲಿ ಇದನ್ನೆಲ್ಲ ಬರೆಯುವುದಂತೂ ಬೇಡವೇ ಬೇಡ. ಅದು ಅಧಿಕಾರಿಗಳ ಕೆಲಸ, ನಮ್ಮದಲ್ಲ.

ಕಾಗದ ಪತ್ರದ ವಿಷಯದಲ್ಲಿ ಮಾತ್ರ ಮೆತ್ತಗಿರಬೇಡಿ. ಎಸ್.ಆರ್. (ಸೇವಾ ಪುಸ್ತಕ) ತೆರೆದಾಗ ಪಕ್ಕದಲ್ಲೇ ಕೂತು ಹೆಸರು, ಇನಿಷಿಯಲ್, ಹುಟ್ಟಿದ ದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇದೆಯಾ ನೋಡಿ. ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಎಚ್‌ಆರ್‌ಎಂಎಸ್ (ಸಂಬಳದ ಕಂಪ್ಯೂಟರ್ ದಾಖಲೆ) ಎಲ್ಲದರಲ್ಲೂ ಒಂದೇ ಸ್ಪೆಲ್ಲಿಂಗ್ ಇರಲಿ. ಪ್ರೊಬೇಷನ್, ಅಂದರೆ ಕೆಲಸ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ, ಕಡಿಮೆ ಅಂದರೂ 2 ವರ್ಷ. ಅದು ಕಳೆದ ಮಾತ್ರಕ್ಕೆ ತಾನಾಗೇ ಮುಗಿಯುವುದಿಲ್ಲ, ತೃಪ್ತಿಕರವಾಗಿ ಮುಗಿಸಿದ್ದಾರೆ ಅಂತ ಆದೇಶ ಆಗಬೇಕು. ಆಗ ಹುಡುಕುವ ಬದಲು ನೇಮಕಾತಿ ಆದೇಶ, ಹಾಜರಾದ ವರದಿ, ತರಬೇತಿ ಪ್ರಮಾಣಪತ್ರ ಎಲ್ಲವನ್ನೂ ಮೊದಲ ತಿಂಗಳಿಂದಲೇ ಒಂದು ಫೈಲಿಗೆ ಹಾಕಿಸಿ.

ಅತಿಥಿ ಶಿಕ್ಷಕರನ್ನು ನಾವು ಮರೆತೇಬಿಡುತ್ತೇವೆ, ಅಲ್ವಾ? ಅವರಲ್ಲಿ ಎಷ್ಟೋ ಜನ ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದುತ್ತಿರುತ್ತಾರೆ. ಪತ್ರಿಕೆ 1 ಒಂದರಿಂದ ಐದಕ್ಕೆ, ಪತ್ರಿಕೆ 2 ಆರರಿಂದ ಎಂಟಕ್ಕೆ. ಬರೀ ಬಿ.ಎಡ್. ಇದ್ದವರು ಪತ್ರಿಕೆ 2ಕ್ಕೇ ಗಮನ ಕೊಡಲಿ. 2023ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ 1ರಿಂದ 5ಕ್ಕೆ ಬಿ.ಎಡ್. ಅರ್ಹತೆ ಆಗುವುದಿಲ್ಲ. 150 ಪ್ರಶ್ನೆ, 150 ಅಂಕ, ಸಾಮಾನ್ಯ ವರ್ಗಕ್ಕೆ 90 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದೂ ಖಾಲಿ ಬಿಡಬೇಡಿ ಅನ್ನಿ. 2021ರಿಂದ ಈ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ, ಹಾಗಾಗಿ ಒಮ್ಮೆ ಕಷ್ಟಪಟ್ಟರೆ ಸಾಕು. ಹೆಚ್ಚಿನವರು ಮುಗ್ಗರಿಸುವುದು ಸಮಯದಲ್ಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಆಫೀಸ್ ರೂಮು ಬಿಟ್ಟುಕೊಡಿ, ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಎರಡೂವರೆ ಗಂಟೆ ಕೂರಿಸಿ. ನಡುವೆ ಟೀ ಕೊಡಬೇಡಿ, ಪರೀಕ್ಷೆಯಲ್ಲಿ ಯಾರೂ ಕೊಡುವುದಿಲ್ಲ.