ಅಂಗಳ ಕೇಳುತ್ತಾ ಕೊಂಕಣದಲ್ಲಿ 40 ದಿನ

ಪುಣೆಗೆ ವಾಪಸ್ ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಅಲ್ರೀ, ಈ ವಯಸ್ಸಿನಲ್ಲಿ ಗಾಡಿಯಲ್ಲೇ ಮಲಗೋದಾ? ರಾತ್ರಿ ಎಲ್ಲಿ ನಿಲ್ಲಿಸ್ತಿದ್ರಿ?" ಎರಡನೇ ಪ್ರಶ್ನೆಯೇ ಮುಖ್ಯ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ 63, ನಮ್ಮವರಿಗೆ 67. ಹುಟ್ಟಿದ್ದು ಧಾರವಾಡದ ಕಡೆ, ಸಂಸಾರ ಪೂರ್ತಿ ಪುಣೆಯಲ್ಲಿ. ನಾನು ಬ್ಯಾಂಕಿನಲ್ಲಿದ್ದೆ. ಅವರು ಖಡಕಿಯ ಕಾರ್ಖಾನೆಯಲ್ಲಿ ಲೇತ್ ಮಶೀನಿನ ಮೇಲೆ ಕೆಲಸ ಮಾಡಿದವರು. ಸಹ್ಯಾದ್ರಿ ಇಳಿದು, ಸಮುದ್ರದ ಪಕ್ಕದ ರಸ್ತೆ ಹಿಡಿದು, ನಿಧಾನವಾಗಿ ಗೋವಾವರೆಗೆ ಹೋಗಬೇಕು ಅಂತ ಅವರಿಗೆ ಬಹಳ ವರ್ಷದ ಆಸೆ. ರೆವಸ್‌ನಿಂದ ರೆಡ್ಡಿವರೆಗೆ ಕರಾವಳಿಯುದ್ದಕ್ಕೂ ಒಂದು ರಾಜ್ಯ ಹೆದ್ದಾರಿ ಇದೆ. ಅದರಲ್ಲಿ ಕೆಲವು ಕಡೆ ಸೇತುವೆ ಇಲ್ಲ. ಗಾಡಿಯನ್ನು ದೋಣಿಗೆ ಹತ್ತಿಸಿ ಖಾಡಿ, ಅಂದರೆ ನದಿ ಸಮುದ್ರ ಸೇರುವ ಅಳಿವೆ, ದಾಟಬೇಕು. ಅವರ ಮನಸ್ಸು ಸಿಕ್ಕಿಕೊಂಡಿದ್ದೇ ಆ ದೋಣಿಗಳಲ್ಲಿ.

ಮೊದಲು ದೊಡ್ಡ ಕ್ಯಾರವಾನ್ ಬಾಡಿಗೆಗೆ ನೋಡಿದೆವು. ಒಳಗೆ ಅಡುಗೆಮನೆ, ಬಾತ್‌ರೂಮು, ಎಲ್ಲಾ ಇದ್ದವು. ಆದರೆ ಕೊಂಕಣದ ಹಳ್ಳಿ ರಸ್ತೆ ಅಂದರೆ ಎರಡೂ ಕಡೆ ಚೀರೆಕಲ್ಲಿನ ಕಾಂಪೌಂಡು, ನಡುವೆ ಒಂದೇ ಗಾಡಿಗೆ ಜಾಗ. ಎದುರಿಗೆ ಎಸ್‌ಟಿ ಬಸ್ಸು ಬಂದರೆ ಅರ್ಧ ಕಿಲೋಮೀಟರ್ ರಿವರ್ಸ್ ಹೋಗಬೇಕು. ದೊಡ್ಡ ಗಾಡಿ ಬೇಡವೆಂದು ನಮ್ಮ ಹಳೇ ಎರ್ಟಿಗಾ ಕಾರನ್ನೇ ಮನೆ ಮಾಡಿಕೊಂಡೆವು.

ಗಾಡಿಗೆ ಒಂದು ತೂತನ್ನೂ ಕೊರೆಯಲಿಲ್ಲ. ಕಂಪನಿ ಮಾಡಿಕೊಟ್ಟ ಗಾಡಿಯ ರಚನೆಯನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದ್ದರಿಂದ ಎಲ್ಲವೂ ಎತ್ತಿಡುವ ಸಾಮಾನು. ಹಿಂದಿನ ಎರಡೂ ಸಾಲಿನ ಸೀಟು ಮಡಚಿದರೆ ಹೆಚ್ಚುಕಡಿಮೆ ಸಪಾಟಾಗುತ್ತದೆ. ಮುಂದಿನ ಸೀಟಿನ ಹಿಂದೆ ಕಾಲಿಡುವ ತಗ್ಗು ಮಾತ್ರ ಉಳಿಯುತ್ತದೆ. ಅಲ್ಲಿಗೆ ಅಳತೆಗೆ ಸರಿಯಾಗಿ ಎರಡು ಮರದ ಪೆಟ್ಟಿಗೆ ಮಾಡಿಸಿದೆವು, ಅಕ್ಕಿ ಬೇಳೆಗೊಂದು, ಪಾತ್ರೆಗೊಂದು. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಿಂದ 12 ಎಂಎಂ ಪ್ಲೈವುಡ್ ತಂದು, ನಡುವೆ ಕೀಲು ಹಾಕಿ ಮಡಚುವ ಹಲಗೆ ಮಾಡಿ, ಅದರ ಮೇಲೆ ಮೂರು ಇಂಚಿನ ಗಾದಿ ಹಾಸಿದೆವು. ಹಾಸಿಗೆ ಮುಂದಕ್ಕೆ ಸ್ವಲ್ಪ ಎತ್ತರ ಬಂತು. ಆದ್ದರಿಂದ ತಲೆ ಮುಂದಕ್ಕೆ, ಕಾಲು ಡಿಕ್ಕಿ ಕಡೆಗೆ.

ಹೊರಡುವ ಮುಂಚೆ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲೇ ಎರಡು ರಾತ್ರಿ ಮಲಗಿ ನೋಡಿದೆವು. ಈ ಕೆಲಸ ಯಾರೇ ಆದರೂ ಮಾಡಲೇಬೇಕು. ಮೊದಲ ರಾತ್ರಿ ಕಿಟಕಿಗಳನ್ನೆಲ್ಲ ಏರಿಸಿ ಮಲಗಿದ್ದೆವು. ಬೆಳಿಗ್ಗೆ ಗಾಜಿನ ಒಳಗೆಲ್ಲ ನೀರು, ಹೊದಿಕೆ ತೇವ, ತಲೆನೋವು. ಇಬ್ಬರ ಉಸಿರೇ ಅಷ್ಟು ನೀರಾಗಿತ್ತು. ಮಾರನೇ ದಿನ ದರ್ಜಿಯಿಂದ ನಾಲ್ಕು ಬಾಗಿಲಿಗೂ ಸೊಳ್ಳೆ ಪರದೆಯ ಚೀಲ ಹೊಲಿಸಿದೆ. ತಲೆದಿಂಬಿನ ಕವರಿನ ಹಾಗೆ ಬಾಗಿಲಿನ ಮೇಲಿಂದ ತೊಡಿಸುವುದು. ಎದುರುಬದುರು ಎರಡು ಕಿಟಕಿಯನ್ನು ನಾಲ್ಕು ಬೆರಳು ಇಳಿಸಿ, ಒಂದು ಪುಟ್ಟ ಫ್ಯಾನು ಹೊರಗಿನ ಕಡೆ ಮುಖ ಮಾಡಿ ಇಟ್ಟರೆ ಗಾಳಿ ಆಡುತ್ತದೆ. ಇಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವುದಂತೂ ಬೇಡವೇ ಬೇಡ. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸ್ಟವ್ ಕೂಡ ಯಾವಾಗಲೂ ಗಾಡಿಯ ಹೊರಗೆ.

ಫೆಬ್ರವರಿ 11ರ ಬೆಳಿಗ್ಗೆ ಹೊರಟೆವು. ಮುಳಶಿ ಕೆರೆ, ತಾಮ್ಹಿಣಿ ಘಾಟು, ಮಾಣಗಾವ್ ದಾಟಿ ಒಂದೇ ದಿನದಲ್ಲಿ ದಿವೇಆಗರ ಮುಟ್ಟಿದೆವು. ಸುಮಾರು 160 ಕಿಲೋಮೀಟರ್. ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದೆ ಬೀಚಿನ ಪಕ್ಕ ಗಾಳಿ ಮರಗಳ ಕೆಳಗೆ ನಿಲ್ಲಿಸಿದೆವು. ಟಾಯ್ಲೆಟ್ ಇಲ್ಲ, ದೀಪ ಇಲ್ಲ. ಹನ್ನೊಂದರವರೆಗೂ ಯಾರೋ ಹುಡುಗರು ಬೈಕು ತಿರುಗಿಸುತ್ತಿದ್ದರು. ನನಗೆ ಕಣ್ಣು ಹತ್ತಲೇ ಇಲ್ಲ. ನಮ್ಮವರಿಗೆ ಸಕ್ಕರೆ ಕಾಯಿಲೆ, ರಾತ್ರಿ ಎರಡು ಸಲವಾದರೂ ಏಳಬೇಕು. ಬೆಳಿಗ್ಗೆ ಮುಖ ನೋಡಿದರೆ ಇಬ್ಬರದೂ ಇಳಿದುಹೋಗಿತ್ತು. "ಏನ್ರೀ, ವಾಪಸ್ ಹೋಗೋಣ್ವಾ?" ಅಂದೆ. ಅವರು ಉತ್ತರ ಕೊಡದೆ ಚಹಾಕ್ಕೆ ನೀರಿಟ್ಟರು.

ಆ ಚಹಾ ಕುಡಿಯುತ್ತಾ ಮಾಡಿಕೊಂಡ ನಿಯಮವೇ ಗೋವಾ ಬಿಡುವ ತನಕ ನಮ್ಮನ್ನು ಕಾಪಾಡಿದ್ದು. ದಿನಕ್ಕೆ 60 ಕಿಲೋಮೀಟರ್ ದಾಟಬಾರದು. ಮಧ್ಯಾಹ್ನ ಮೂರರೊಳಗೆ ಊರು ಸೇರಬೇಕು. ಸೇರಿದ ಕೂಡಲೇ ಸಮುದ್ರ ನೋಡಲು ಓಡಬಾರದು, ಮೊದಲು ಅಂಗಳ ಕೇಳಬೇಕು.

ಅಂಗಳ ಕೇಳುವುದು ಅಂದರೆ ಹೀಗೆ. ಕೊಂಕಣದ ಕರಾವಳಿ ಊರುಗಳಲ್ಲಿ ಎಷ್ಟೋ ಮನೆಯವರು ಪ್ರವಾಸಿಗಳಿಗೆ ಊಟ, ಕೋಣೆ ಕೊಡುತ್ತಾರೆ. ಸಗಣಿ ಸಾರಿಸಿದ ದೊಡ್ಡ ಅಂಗಳ, ಪಕ್ಕಕ್ಕೆ ತೆಂಗು ಅಡಿಕೆಯ ತೋಟ, ಹಿತ್ತಲಿನಲ್ಲಿ ಬೇರೆಯೇ ಬಚ್ಚಲು, ಟಾಯ್ಲೆಟ್. ನಾನು ಗೇಟಿನ ಹೊರಗೆ ನಿಂತು ಕೇಳುತ್ತಿದ್ದೆ: "ತಾಯಿ, ಆಂಗಣಾತ್ ಗಾಡೀ ಲಾವೂ ಕಾ? ಗಾಡೀತಚ್ ಝೋಪತೋ." ಅಂಗಳದಲ್ಲಿ ಗಾಡಿ ಹಚ್ಚಲೇ, ಗಾಡಿಯಲ್ಲೇ ಮಲಗುತ್ತೇವೆ, ಅಂತ. ಗಂಡಸರು ಕೇಳಿದರೆ ಅನುಮಾನದಿಂದ ನೋಡುತ್ತಾರೆ, ಕೂದಲು ಬೆಳ್ಳಗಾದ ಹೆಂಗಸು ಕೇಳಿದರೆ ಒಳಗೆ ಕರೆಯುತ್ತಾರೆ. ಬಚ್ಚಲು ಬಳಸಲು, ಕರೆಂಟಿಗೆ, ನೀರಿಗೆ ಸೇರಿ ರಾತ್ರಿಗೆ 200ರಿಂದ 500 ರೂಪಾಯಿ ಅಂತ ಮೊದಲೇ ಹೇಳಿಬಿಡುತ್ತಿದ್ದೆ. ಒಂದು ಹೊತ್ತಿನ ಊಟವನ್ನಾದರೂ ಅವರ ಮನೆಯಲ್ಲೇ ಮಾಡುತ್ತಿದ್ದೆವು. ಕೋಣೆ ಬೇಡ ಅಂದವರಿಂದ ಅವರಿಗೂ ನಾಲ್ಕು ಕಾಸು ಸಿಗಬೇಕಲ್ವಾ. ಕೇಳಿದ ಮನೆಗಳಲ್ಲಿ ಬೇಡ ಅಂದವರು ಇಬ್ಬರೇ.

ಇನ್ನೊಂದು ಚಿಕ್ಕ ವಿಷಯ. ನಮ್ಮವರು ಮಲಗುವ ಕಡೆಯ ಬಾಗಿಲು ಟಾಯ್ಲೆಟ್ಟಿನ ದಿಕ್ಕಿಗೆ ಬರುವ ಹಾಗೆ ಗಾಡಿ ನಿಲ್ಲಿಸುತ್ತಿದ್ದೆವು. ಬಾಗಿಲ ಕೆಳಗೆ ಒಂದು ಮಣೆ, ಮಣೆಯ ಪಕ್ಕ ಚಪ್ಪಲಿ, ಚಪ್ಪಲಿಯ ಮೇಲೆ ಟಾರ್ಚು. ಕತ್ತಲಲ್ಲಿ ತಡಕಾಡುವುದು ತಪ್ಪಿತು.

ಇನ್ಸುಲಿನ್ನಿನ ಬಗ್ಗೆ ವಿವರವಾಗಿಯೇ ಹೇಳಬೇಕು. ನಮ್ಮ ವಯಸ್ಸಿನವರು ಮನೆ ಬಿಡಲು ಹೆದರುವುದು ಇದಕ್ಕೇ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಕೆಯಲ್ಲಿರುವ, ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನನ್ನು ಹೊರಗೆ ಇಡಬಹುದು, 30 ಡಿಗ್ರಿ ಮೀರಬಾರದು ಅಂತ ನಮ್ಮ ಡಾಕ್ಟರ್ ಹೇಳಿದ್ದರು. ಬಿಸಿಲಲ್ಲಿ ನಿಂತ ಕಾರು ಒಲೆಯ ಹಾಗೆ ಕಾಯುತ್ತದೆ. ಆದ್ದರಿಂದ ಪೆನ್ನು ಎಂದೂ ಗಾಡಿಯಲ್ಲಿ ಉಳಿಯಲಿಲ್ಲ, ನಾವು ಇಳಿದರೆ ಅದೂ ನಮ್ಮ ಜೊತೆ ಇಳಿಯುತ್ತಿತ್ತು. ಕುಂಬಾರವಾಡೆಯಿಂದ ಎರಡು ಮಣ್ಣಿನ ಕುಡಿಕೆ ತಂದಿದ್ದೆ, ಒಂದರೊಳಗೆ ಒಂದು ಕೂರುವಂಥವು. ನಡುವೆ ಮರಳು ತುಂಬಿ, ಬೆಳಿಗ್ಗೆ ಸಂಜೆ ನೀರು ಹಾಕಿ, ಮೇಲೆ ಒದ್ದೆ ಬಟ್ಟೆ. ಒಳಗೆ ಚಿಕ್ಕ ಥರ್ಮಾಮೀಟರ್ ಇಟ್ಟು ನೋಡಿದೆ. ಹೊರಗೆ 33 ಇದ್ದಾಗ ಒಳಗೆ 28. ಪುಣೆಯ ಒಣ ಹವೆಯಲ್ಲಿ ಇನ್ನೂ ತಣ್ಣಗಿರುತ್ತಿತ್ತು. ಕರಾವಳಿಯ ಗಾಳಿಯಲ್ಲೇ ನೀರಿನಂಶ ಜಾಸ್ತಿ, ಮರಳಿನ ನೀರು ಬೇಗ ಆರುವುದಿಲ್ಲ, ತಂಪೂ ಅಷ್ಟೇ ಕಡಿಮೆ. ಬಳಕೆಯ ಪೆನ್ನಿಗೆ ಅಷ್ಟು ಸಾಕಾಯಿತು. ತೆರೆಯದವು ಅಗಲ ಬಾಯಿಯ ಥರ್ಮಾಸಿನಲ್ಲಿ ತಣ್ಣೀರಿನ ಸೀಸೆಯ ಜೊತೆ ಇರುತ್ತಿದ್ದವು. ಅಂಗಳ ಸಿಕ್ಕ ಕೂಡಲೇ ಅಜ್ಜಿಯಂಥವರ ಕೈಗೆ ಡಬ್ಬಿ ಕೊಟ್ಟು "ಫ್ರಿಜ್ಜಿನ ಬಾಗಿಲಲ್ಲಿಡಿ, ಐಸಿನ ಹತ್ತಿರ ಬೇಡ" ಅನ್ನುತ್ತಿದ್ದೆ. ಇನ್ಸುಲಿನ್ ಹೆಪ್ಪುಗಟ್ಟಿದರೂ ಕೆಡುತ್ತದೆ.

ಹರಿಹರೇಶ್ವರದ ಆಚೆ ಬಾಗಮಾಂಡಲಾದಲ್ಲಿ ಮೊದಲ ದೋಣಿ, ಸಾವಿತ್ರಿ ನದಿಯ ಮೇಲೆ. ಅಲ್ಲಿನವರು ಇದಕ್ಕೆ "ಜಂಗಲ್" ಅನ್ನುತ್ತಾರೆ. ನೀರು ಇಳಿತದಲ್ಲಿದ್ದರೆ ದೋಣಿಯ ಹಲಗೆ ಕಡಿದಾಗಿ ಇಳಿಯುತ್ತದೆ. ಸಾಮಾನು ತುಂಬಿದ ನಮ್ಮ ಗಾಡಿಯ ಬಾಲ ಕರಕರ ಅಂತ ಉಜ್ಜಿತು. ಮುಂದೆ ವಾಶಿಷ್ಠಿ ನದಿ ದಾಟುವಾಗ ದಾಭೋಳದಲ್ಲಿ, ಶಾಸ್ತ್ರಿ ನದಿ ದಾಟುವಾಗ ತವಸಾಳದಲ್ಲಿ ಪಾಠ ನೆನಪಿತ್ತು. ಭರತಿ ಎಷ್ಟೊತ್ತಿಗೆ ಅಂತ ಟಿಕೆಟ್ ಹುಡುಗನನ್ನು ಕೇಳಿ, ಉಬ್ಬರದ ಹೊತ್ತಿಗೆ ಹತ್ತುತ್ತಿದ್ದೆವು. 20 ಲೀಟರಿನ ನೀರಿನ ಕ್ಯಾನು ಖಾಲಿ ಮಾಡುತ್ತಿದ್ದೆವು. ನಾನು ಇಳಿದು ನಡೆದೇ ಹತ್ತುತ್ತಿದ್ದೆ.

ಸಾವಿತ್ರಿ ದಾಟಿದರೆ ಹತ್ತಿರದಲ್ಲೇ ವೇಳಾಸ್. ಅಲ್ಲಿ ಒಂದು ರಾತ್ರಿ ಅಂದುಕೊಂಡವರು ಐದು ರಾತ್ರಿ ಉಳಿದೆವು. ಆಲಿವ್ ರಿಡ್ಲೆ ಆಮೆಗಳು ಈ ದಂಡೆಗೆ ಬಂದು ಮೊಟ್ಟೆ ಇಡುತ್ತವೆ. ನರಿ, ನಾಯಿ ತಿನ್ನದ ಹಾಗೆ ಊರಿನವರು ಆ ಮೊಟ್ಟೆಗಳನ್ನು ಬೇಲಿಯೊಳಗೆ ಹೂತು ಕಾಯುತ್ತಾರೆ. ಚಿಪಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಲ್ಲಿ ಈ ಕೆಲಸ ಶುರುಮಾಡಿತು. ಒಂದೊಂದು ಗೂಡಿನ ಮೇಲೂ ಒಂದು ಬುಟ್ಟಿ ಕವುಚಿರುತ್ತಾರೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎತ್ತಿ ನೋಡುತ್ತಾರೆ. ಮೂರು ದಿನ ಬುಟ್ಟಿ ಎತ್ತಿದರೆ ಬರೀ ಮರಳು. ನಾಲ್ಕನೇ ಬೆಳಿಗ್ಗೆ ನಾನು ಹೋಗಲ್ಲ ಅಂದಿದ್ದೆ, ಮೊಣಕಾಲು ನೋಯುತ್ತಿತ್ತು. ನಮ್ಮವರು ಬಿಡಲಿಲ್ಲ. ಅವತ್ತು ಬುಟ್ಟಿ ಎತ್ತಿದಾಗ ಮರಳು ಅಲ್ಲಾಡಿತು. ಹುಣಸೆ ಬೀಜದ ಬಣ್ಣದ ಪುಟ್ಟ ತಲೆ ಒಂದು ಹೊರಗೆ ಬಂತು, ಅದರ ಹಿಂದೆ ಇನ್ನೊಂದು. ನೀರಿನಿಂದ ಸ್ವಲ್ಪ ದೂರದಲ್ಲಿ ಬಿಟ್ಟರು. ತಾವೇ ನಡೆದು ಸಮುದ್ರ ಸೇರಬೇಕಂತೆ. ಒಂದು ಮಾತ್ರ ಹಿಂದೆ ಉಳಿಯಿತು. ನಾಲ್ಕು ಹೆಜ್ಜೆ ಇಡುವುದು, ಗದ್ದ ಮರಳಿಗೆ ಊರಿ ಸುಮ್ಮನಾಗುವುದು, ಮತ್ತೆ ನಾಲ್ಕು ಹೆಜ್ಜೆ. ಹಗ್ಗದ ಈಚೆ ನಿಂತ ನಾವೆಲ್ಲ ಉಸಿರು ಹಿಡಿದಿದ್ದೆವು. ತೆರೆ ಬಂದು ಅದನ್ನು ಒಮ್ಮೆ ಉರುಳಿಸಿ ವಾಪಸ್ ತಂದು ಹಾಕಿತು. ಎರಡನೇ ತೆರೆಗೆ ಹೋಯಿತು. ನಮ್ಮವರು ಕಣ್ಣೊರೆಸಿಕೊಂಡರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತಿದ್ದನ್ನು ನಾನು ನೋಡಿದ್ದು ಕಡಿಮೆ.

ಗುಹಾಗರದಲ್ಲಿ ಗಾಡಿ ಸ್ಟಾರ್ಟ್ ಆಗಲಿಲ್ಲ. ರಾತ್ರಿಯಿಡೀ ಫ್ಯಾನನ್ನು ಗಾಡಿಯ ಬ್ಯಾಟರಿಯಿಂದಲೇ ಓಡಿಸಿದ್ದೆವು, ಬ್ಯಾಟರಿ ಪೂರ್ತಿ ಖಾಲಿ. ಮನೆಯವರ ಮಗ ತನ್ನ ಜೀಪಿನಿಂದ ತಂತಿ ಕೊಟ್ಟು ಎಬ್ಬಿಸಿದ. ರತ್ನಾಗಿರಿಯಲ್ಲಿ ಫ್ಯಾನು, ದೀಪಕ್ಕೆ ಬೇರೆಯದೇ ಬ್ಯಾಟರಿ ಕೊಂಡೆವು. ಅಂಗಳದ ಪ್ಲಗ್ಗಿನಲ್ಲಿ ಚಾರ್ಜ್ ಮಾಡಿದರೆ ಎರಡು ರಾತ್ರಿ ಬರುತ್ತಿತ್ತು. ಇದನ್ನು ಪುಣೆಯಲ್ಲೇ ಕೊಳ್ಳಬೇಕಿತ್ತು.

ರತ್ನಾಗಿರಿಯಿಂದ ತೆಂಕಕ್ಕೆ ರಸ್ತೆ ಮೇಲೆ ಹತ್ತಿ ಬಯಲಿಗೆ ಬರುತ್ತದೆ. ಮರವಿಲ್ಲದ ಕೆಂಪು ಕಲ್ಲಿನ ಬಯಲು, ದೂರಕ್ಕೆ ಸಮುದ್ರದ ಗೆರೆ. ಅಲ್ಲಿನವರು ಇದಕ್ಕೆ "ಸಡಾ" ಅನ್ನುತ್ತಾರೆ. ಕಶೇಳಿಯ ಸಡಾದಲ್ಲಿ ಕಲ್ಲಿನ ಮೇಲೆ ಕೊರೆದ ಆನೆ ಇದೆ, ಸುಮಾರು 18 ಮೀಟರ್ ಉದ್ದ. ಒಳಗೆ ಮೀನು, ಪ್ರಾಣಿಗಳ ಚಿತ್ರಗಳು. ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಗೆರೆಗಳಲ್ಲಿ ನೆರಳು ನಿಂತು ಆನೆ ಎದ್ದು ಬರುತ್ತದೆ. ಅಂಗಳದಲ್ಲಿ ಮಲಗಿದವರಿಗೆ ಏಳು ಗಂಟೆಗೆ ಅಲ್ಲಿರುವುದು ಕಷ್ಟವಲ್ಲ.

ಹೋಳಿಯ ಹೊತ್ತಿಗೆ ವಿಜಯದುರ್ಗದ ಹತ್ತಿರ ಒಂದು ಹಳ್ಳಿಯಲ್ಲಿದ್ದೆವು. ಕೊಂಕಣದವರಿಗೆ ಅದು ಶಿಮಗಾ. ಮುಂಬಯಿಗೆ ಹೋದ ಮಕ್ಕಳೆಲ್ಲ ಊರಿಗೆ ಬಂದಿದ್ದರು. ಸಂಜೆ ಮನೆಯಾಕೆ ಬಂದು "ಕಾಕೂ, ಗಾಡಿ ಸ್ವಲ್ಪ ಸರಿಸ್ತೀರಾ, ಪಾಲಖಿ ಬರುತ್ತೆ" ಅಂದಳು. ನಾವು ಗಾಡಿಯನ್ನು ಹೊರಗೇ ಒಯ್ದೆವು. ರಾತ್ರಿ ಹತ್ತರ ಮೇಲೆ ಢೋಲು ಬಂತು. ಗ್ರಾಮದೇವತೆಯ ಪಲ್ಲಕ್ಕಿಯನ್ನು ಹೆಗಲ ಮೇಲೆ ಕುಣಿಸುತ್ತಾ ಅಂಗಳಕ್ಕೆ ತಂದರು. ಹೆಂಗಸರು ದೇವಿಗೆ ಓಟಿ ತುಂಬುತ್ತಿದ್ದರು. ನಮ್ಮ ಕಡೆ ಉಡಿ ತುಂಬುವುದು ಅನ್ನುತ್ತೇವಲ್ಲ, ಅದೇ. ಮನೆಯಾಕೆ ನನ್ನ ಕೈಗೂ ಖಣ, ತೆಂಗಿನಕಾಯಿ, ಅಕ್ಕಿ ಕೊಟ್ಟು "ನೀವೂ ತುಂಬಿ, ಇವತ್ತು ನೀವು ಈ ಮನೆಯವರು" ಅಂದಳು.

ಮಾಲವಣ, ವೆಂಗುರ್ಲೆಯಲ್ಲಿ ಸೆಕೆ ಹೆಚ್ಚಾಗಿತ್ತು, ಬೇಗ ದಾಟಿದೆವು. ತೆರೆಖೋಲ ಮುಟ್ಟಿದರೆ ಗೋವಾ, ಅಲ್ಲಿಂದ ಫೆರಿಯಲ್ಲಿ ಕೇರಿಗೆ ಇಳಿದೆವು. ಇಲ್ಲಿ ಒಂದು ಎಚ್ಚರ. ಗೋವಾದಲ್ಲಿ ಬೀಚಿನಂಥ ಪ್ರವಾಸಿ ಜಾಗಗಳಲ್ಲಿ ಬಯಲಲ್ಲಿ ಅಡುಗೆ ಮಾಡುವುದನ್ನು 2019ರಲ್ಲಿ ನಿಷೇಧಿಸಿದ್ದಾರೆ, ಆಗ ದಂಡ 2,000 ರೂಪಾಯಿಯಿಂದ ಶುರುವಾಗುತ್ತಿತ್ತು. ನಿಯಮ ಸರಿಯಾಗಿಯೇ ಇದೆ, ಬೀಚಿನಲ್ಲಿ ಒಲೆ ಹೂಡಿ ಕಸ ಬಿಟ್ಟು ಹೋಗುವವರನ್ನು ದಾರಿಯುದ್ದಕ್ಕೂ ನೋಡಿದ್ದೆವು. ನಾವು ಸ್ಟವ್ ಕಟ್ಟಿಟ್ಟು ಒಳನಾಡಿಗೆ ತಿರುಗಿದೆವು.

ಕೊನೆಯ ಎರಡು ರಾತ್ರಿ ತಾಂಬ್ಡಿ ಸುರ್ಲಾದ ಹತ್ತಿರದ ಒಂದು ಅಂಗಳದಲ್ಲಿ. ಕಾಡಿನ ನಡುವೆ ಕದಂಬರ ಕಾಲದ ಮಹಾದೇವ ದೇವಸ್ಥಾನ. ಸುತ್ತಲ ನೆಲವೆಲ್ಲ ಕೆಂಪು ಚೀರೆಕಲ್ಲು, ಗುಡಿ ಮಾತ್ರ ಕರೀ ಬಸಾಲ್ಟ್. ಒಳಗಿನ ಕಂಬ, ಚಾವಣಿಯ ಕಮಲ ನೋಡಿದರೆ ನಮ್ಮ ಕಡೆಯ ಹಳೇ ಗುಡಿಗೇ ಬಂದ ಹಾಗಾಯಿತು. ಬೆಳಿಗ್ಗೆ ಹಳ್ಳದಲ್ಲಿ ಕಾಲಿಟ್ಟು ಕೂತಾಗ ನಮ್ಮವರು ಡೈರಿ ತೆಗೆದು ಲೆಕ್ಕ ಓದಿದರು. 1,700 ಕಿಲೋಮೀಟರ್ ಆಗಬಹುದು ಪುಣೆ ಮುಟ್ಟುವಷ್ಟರಲ್ಲಿ. ಪೆಟ್ರೋಲಿಗೆ ಸುಮಾರು 13,000. ಅಂಗಳ, ಊಟ, ದಿನಸಿ, ಬ್ಯಾಟರಿ ಎಲ್ಲಾ ಸೇರಿ ಒಟ್ಟು 50,000ದ ಒಳಗೆ.

ಅಣಮೋಡ ಘಾಟು ಹತ್ತಿ ಬೆಳಗಾವಿ, ಅಲ್ಲಿಂದ ಹೆದ್ದಾರಿ ಹಿಡಿದು ಮಾರ್ಚ್ 22ಕ್ಕೆ ಮನೆ. ಬೆಳಗಾವಿಯಲ್ಲಿ ಕುಂದಾ ಕೊಂಡೆ, ಅಂಗಳ ಕೊಟ್ಟ ಮನೆಗಳಿಗೆ ಕಳಿಸಲು. ವಿಳಾಸಗಳೆಲ್ಲ ಅದೇ ಡೈರಿಯಲ್ಲಿದ್ದವು. ಹದಿನಾಲ್ಕು ಪೊಟ್ಟಣ ಕಟ್ಟಿದೆ.